ನಾಲ್ಕರಿಂದ ಐದರ ಕಾವಲು

ಮಾರ್ಚ್ 3, ಸೋಮವಾರ

ಹೊಸ ನೋಟ್‌ಬುಕ್. ಮೊದಲ ಹಾಳೆಯಲ್ಲಿ ನಾನು ಯಾರೆಂದು ಬರೆದಿಡುವುದು ನನ್ನ ರೂಢಿ. ಈ ಮನೆಗೆ ಹಿರಿಯಳು. ಅರವತ್ತೆಂಟು ವರ್ಷ. ವಿಧವೆ. ಹೈಸ್ಕೂಲು ಪಾಸು, ಅದೂ ನಮ್ಮ ಕಾಲದಲ್ಲಿ. ಚರ್ಚಿನ ಸ್ತ್ರೀಯರ ಸಂಘಕ್ಕೆ ಹತ್ತೊಂಬತ್ತು ವರ್ಷದಿಂದ ಅಧ್ಯಕ್ಷೆ. ಈ ನಡುವೆ ನಾಲ್ಕು ಜನ ಪಾಸ್ಟರ್ ಬದಲಾದರು. ನಾನು ಬದಲಾಗಿಲ್ಲ.

ಸರಪಳಿ ಪ್ರಾರ್ಥನೆ ಇವತ್ತಿನಿಂದ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಹನ್ನೆರಡು ಹೆಂಗಸರು, ತಲೆಗೊಂದು ಗಂಟೆ, ಅವರವರ ಮನೆಯಲ್ಲೇ. ಗಂಟೆ ಮುಗಿದವಳು ಮುಂದಿನವಳಿಗೆ ಫೋನ್ ಮಾಡಿ ಕಾವಲು ಒಪ್ಪಿಸಬೇಕು. ಫೋನ್ ಎತ್ತದಿದ್ದರೆ ಕಾವಲು ತಪ್ಪಿದಂತೆ — ನನ್ನ ರಿಜಿಸ್ಟರಿನಲ್ಲಿ ಕೆಂಪು ಗೆರೆ. ಕರ್ತನು ಯಾವ ಗಳಿಗೆಯಲ್ಲಿ ಬರುವನೋ ತಿಳಿಯದು. ಎಚ್ಚರವಾಗಿರುವುದೇ ನಮಗೆ ಬಂದ ಕರೆ. ಇದರಲ್ಲಿ ದಾಕ್ಷಿಣ್ಯ ನೋಡುವವಳಲ್ಲ ನಾನು.

ನನ್ನದು ಮೂರರಿಂದ ನಾಲ್ಕು. ನನ್ನ ನಂತರ ಟೈಲರ್ ಹೆಂಗಸು. ಒಂಟಿ ಜೀವ. ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ, ಒಂದು ಹೊಲಿಗೆ ಮಷಿನ್. ಸೇರಿಸಿಕೊಳ್ಳಲು ಮನಸ್ಸಿರಲಿಲ್ಲ. ಪಾಸ್ಟರ್ ಹೇಳಿದರೆಂದು ಸೇರಿಸಿದೆ.

ಮಾರ್ಚ್ 6, ಗುರುವಾರ

ನಾಲ್ಕಕ್ಕೆ ಸ್ಪೀಕರಿನಲ್ಲಿಟ್ಟು ಫೋನ್ ಮಾಡಿದರೆ ಆ ಕಡೆ ಮಷಿನ್ ಸದ್ದು.

"ಇನ್ನೂ ಹೊಲೀತಾ ಇದೀಯಾ?"

"ಒಂದೇ ಒಂದು ತೋಳು ಅಮ್ಮಾವ್ರೇ, ಇಗೋ ಮುಗೀತು."

"ಕರ್ತನು ಬಂದಾಗಲೂ ಹೀಗೇ ಹೇಳ್ತೀಯಾ? ಒಂದು ತೋಳು ಬಾಕಿ ಇದೆ, ನಿಂತಿರಿ ಅಂತ?"

ನಕ್ಕಳು. "ಅಷ್ಟು ದೂರದಿಂದ ಬರೋರು. ಅವರ ಅಂಗೀನೂ ಎಲ್ಲೋ ಹರಿದಿರುತ್ತೆ. ಕೂರಿಸಿ ಹೊಲ್ಕೊಡ್ತೀನಿ ಅಮ್ಮಾವ್ರೇ."

ಬಾಗಿಲಲ್ಲಿ ನಿಂತಿದ್ದ ಸೊಸೆ ಕಿಸಕ್ಕೆಂದಳು. ನನಗೆ ಮೈಯೆಲ್ಲ ಉರಿಯಿತು. ಇನ್ನೊಂದು ಸಲ ಹೀಗಾದರೆ ಭಾನುವಾರ ಸಭೆಯ ಮುಂದೆ ನಿನ್ನ ಹೆಸರು ಎತ್ತುತ್ತೇನೆ ಎಂದೆ. ಮಷಿನ್ ನಿಂತಿತು. "ಆಯ್ತು ಅಮ್ಮಾವ್ರೇ." ಸಣ್ಣ ಧ್ವನಿ.

ಎಚ್ಚರಿಸುವುದು ನನ್ನ ಕೆಲಸ. ಮಾಡಿದೆ.

ಮಾರ್ಚ್ 7, ಶುಕ್ರವಾರ. ಸಂಜೆ 5.10

ಫೋನ್ ಎತ್ತಲಿಲ್ಲ. ಎರಡು ಸಲ ಮಾಡಿದೆ. ನಿನ್ನೆಯ ಮಾತಿಗೆ ಮುಖ ಊದಿಸಿಕೊಂಡಿದ್ದಾಳೆ, ಮತ್ತೇನು? ಅವಳ ಗಂಟೆಯನ್ನೂ ನಾನೇ ಮಂಡಿಯೂರಿ ಮುಗಿಸಿದೆ. ಕೆಂಪು ಗೆರೆ.

ಮಾರ್ಚ್ 8, ಶನಿವಾರ

ಇವತ್ತೂ ಇಲ್ಲ. ಹೊಡೆದುಕೊಂಡು ಹೊಡೆದುಕೊಂಡು ತಾನೇ ನಿಂತಿತು.

ಸೊಸೆ ಬಂದಳು. "ಅತ್ತೆ, ಅವರು ಹಾಗೆಲ್ಲ ಫೋನ್ ಎತ್ತದೆ ಇರೋರಲ್ಲ. ಒಂದು ಹೆಜ್ಜೆ ಹೋಗಿ ನೋಡ್ಕೊಂಡು ಬರ್ಲಾ? ಹತ್ತು ನಿಮಿಷ."

"ಬೇಡ. ಹೋಗಿ ಅವಳ ಕಾಲು ಹಿಡಿಯೋದೊಂದು ಬಾಕಿ."

"ಹುಷಾರಿಲ್ವೇನೋ..."

"ಹುಷಾರಿಲ್ಲ ಅಂತ ಹೇಳೋಕೆ ಬಾಯಿ ಇದೆ, ಫೋನ್ ಇದೆ. ಬೆರಳಿಗೂ ಬಂದಿದ್ಯಾ ಕಾಯಿಲೆ? ಒಲೆ ಮೇಲೆ ಏನಿದೆ ನೋಡು, ಹೋಗು."

ಆಗಲೇ ಚಪ್ಪಲಿ ಮೆಟ್ಟಿದ್ದಳು. ಬಿಟ್ಟು ಒಳಗೆ ಹೋದಳು.

ಎರಡನೆಯ ಗೆರೆ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಹೇಳಿದಂತೆ ಮಾಡಿದೆ. ಆರಾಧನೆ ಮುಗಿದ ಮೇಲೆ ಎದ್ದು ನಿಂತು, ನಮ್ಮ ಕಾವಲಿನಲ್ಲಿ ಒಬ್ಬಳು ನಿದ್ದೆ ಹೋಗಿದ್ದಾಳೆ ಎಂದು ಹೆಸರು ಹಿಡಿದೇ ಹೇಳಿದೆ. ಇವತ್ತು ಸಭೆಗೂ ಬಂದಿರಲಿಲ್ಲ. ಅದನ್ನೂ ಸೇರಿಸಿದೆ. ಕೆಲವರು ಲೊಚಗುಟ್ಟಿದರು. ಪಾಸ್ಟರ್ ಬಾಗಿಲ ತನಕ ಬಂದು, "ನಿಮ್ಮಂಥೋರು ಇರೋದಕ್ಕೇ ಸಭೆ ನೆಟ್ಟಗೆ ನಿಂತಿದೆ ಅಮ್ಮಾ" ಎಂದರು.

ಊಟ ಚೆನ್ನಾಗಿ ಸೇರಿತು.

ಮಾರ್ಚ್ 12, ಬುಧವಾರ

ಬರೆಯಲು ಕೈ ಏಳಲಿಲ್ಲ, ಇಷ್ಟು ದಿನ.

ಭಾನುವಾರ ಸಂಜೆ ಯಾರೋ ಗಿರಾಕಿ ಬಟ್ಟೆ ಕೇಳಲು ಹೋಗಿದ್ದಾಳೆ. ಬಾಗಿಲು ಬಡಿದು, ಕಿಟಕಿಯಲ್ಲಿ ಇಣುಕಿದ್ದಾಳೆ. ಟೈಲರ್ ನೆಲದ ಮೇಲೆ ಬಿದ್ದಿದ್ದಳಂತೆ, ಮಷಿನ್ ಪಕ್ಕದಲ್ಲಿ. ಲಕ್ವ. ಎಡಗೈ, ಎಡಗಾಲು ಎರಡೂ ಹೋಗಿವೆ. ಫೋನ್ ಕೈಗೆಟುಕದಂತೆ ಮೇಜಿನ ಮೇಲೆ. ಎರಡು ದಿನ ಹಾಗೇ. ತೊಟ್ಟು ನೀರಿಲ್ಲದೆ.

ಯಾವಾಗ ಬಿದ್ದದ್ದು ಎಂದು ಡಾಕ್ಟರ್ ಕೇಳಿದರಂತೆ. ಪಾಸ್ಟರ್ ನನ್ನ ರಿಜಿಸ್ಟರ್ ಒಯ್ದು ತೋರಿಸಿದರು. "ಶುಕ್ರವಾರ ನಾಲ್ಕಕ್ಕೆ ಮುಂಚೆ. ನೋಡಿ, ಎಷ್ಟು ಕರಾರುವಾಕ್ಕು!" ವಾಪಸು ಕೊಡುವಾಗ ನನ್ನ ಮುಂದೆಯೂ ಹೊಗಳಿದರು. ತೆಗೆದುಕೊಂಡು ಬೀರುವಿನಲ್ಲಿಟ್ಟೆ.

ಸೊಸೆ ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಒಂದು ಮಾತಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಅದೇ ದಿನ, ಸಂಜೆ

ಆಸ್ಪತ್ರೆಗೆ ಹೋಗಿದ್ದೆ. ಬಾಯಿ ಒಂದು ಕಡೆಗೆ ಸೊಟ್ಟ. ಮಾತು ತೊದಲು, ಆದರೆ ತಿಳಿಯುತ್ತದೆ. ಸ್ಟೂಲಿನಲ್ಲಿ ಕೂತೆ.

"ಫೋನ್... ಹೊಡ್ಕೊಳ್ತಾ ಇತ್ತು. ನೀವೇ ಅಂತ ಗೊತ್ತಾಯ್ತು."

ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

"ಮಾರನೇ ದಿನಾನೂ ಹೊಡ್ಕೊಳ್ತು. ಅಮ್ಮಾವ್ರು ಬಿಡೋರಲ್ಲ, ಬಯ್ಯೋಕಾದ್ರೂ ಬರ್ತಾರೆ ಅಂತ... ಬಾಗಿಲನ್ನೇ ನೋಡ್ತಾ ಇದ್ದೆ."

ತುಟಿಯಂಚಿನಿಂದ ನೀರು ಇಳಿಯಿತು. ಒರೆಸಿದೆ.

"ಪ್ರಾರ್ಥನೆ ಮಾಡ್ದೆ ಅಮ್ಮಾವ್ರೇ. ಬಿದ್ದಲ್ಲೇ. ನನ್ನ ಗಂಟೆ ತಪ್ಪಿಸ್ಲಿಲ್ಲ. ಬರ್ಕೊಳ್ಳಿ."

"ಬರ್ಕೊಳ್ತೀನಿ" ಎಂದೆ.

ಇನ್ನೊಂದು ಮಾತು ಇತ್ತು, ಹೇಳಬೇಕಾದದ್ದು. ಹೊದಿಕೆ ಸರಿಮಾಡಿ ಎದ್ದು ಬಂದೆ. ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಆ ಮಾತು ಆಡಿ ಗೊತ್ತಿಲ್ಲದ ನಾಲಿಗೆ.

ನಾಳೆ ಹೇಳುತ್ತೇನೆ.

ಮಾರ್ಚ್ 13, ಗುರುವಾರ

ಬೆಳಗಿನ ಜಾವ ಹೋದಳು.

ಮಾರ್ಚ್ 14, ಶುಕ್ರವಾರ

ನಾಳೆ ಮಣ್ಣು. ಚರ್ಚಿನ ಮೆಟ್ಟಿಲಲ್ಲಿ ಇಬ್ಬರು ಹೆಂಗಸರು — "ಒಳ್ಳೇವಳೇ, ಪಾಪ. ಆದ್ರೆ ಕೊನೆಗಾಲಕ್ಕೆ ಕಾವಲು ಬಿಟ್ಲಂತೆ." ನನ್ನ ಬಾಯಿಂದ ಹೊರಟ ಮಾತು. ಅವಳಿಗಿಂತ ಮುಂಚೆ ಅವಳ ಹೆಸರನ್ನು ಹೂತವಳು ನಾನು.

ಪಾಸ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಸೊಸೆಯನ್ನು ತಡೆದದ್ದೂ. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

"ಈಗ ಕೆದಕೋದು ಬೇಡ ಅಮ್ಮಾ. ನಿಮ್ಮ ಸ್ಥಾನ ಏನು, ಜನ ಏನಂದ್ಕೊಳ್ತಾರೆ? ಮನೇಲಿ ಕೂತು ದೇವರ ಹತ್ರ ಅರಿಕೆ ಮಾಡ್ಕೊಳ್ಳಿ. ಸಾಕು."

ಸಾಕೇ? ಸಭೆಯ ಮುಂದೆ ಆಡಿದ ಸುಳ್ಳನ್ನು ಅಡುಗೆಮನೆಯಲ್ಲಿ ವಾಪಸು ತೆಗೆದುಕೊಳ್ಳಲು ಬರುತ್ತದೆಯೇ? ಎಲ್ಲರ ಮೇಲೂ ಕಣ್ಣಿಟ್ಟಿದ್ದೆ. ಅದನ್ನೇ ಎಚ್ಚರ ಎಂದುಕೊಂಡಿದ್ದೆ. ನನ್ನೊಳಗೆ ಏನು ಕೂತಿದೆ ಎಂದು ಒಮ್ಮೆಯೂ ಇಣುಕಿ ನೋಡಲಿಲ್ಲ.

ಸೊಸೆಯನ್ನು ಕರೆದೆ. "ನಾಳೆ ಚರ್ಚಲ್ಲಿ ನನ್ನ ಪಕ್ಕ ಕೂತ್ಕೋ."

"ಯಾಕತ್ತೆ?"

"ನಂಗೆ ಎದ್ದು ನಿಲ್ಲೋಕೆ ಆಗ್ದಿದ್ರೆ ರಟ್ಟೆ ಹಿಡಿದು ಎಬ್ಬಿಸು."

ಮಾರ್ಚ್ 15, ಶನಿವಾರ

ಹೇಳಿದೆ.

ಯಾರೂ ಎಬ್ಬಿಸಬೇಕಾಗಲಿಲ್ಲ. ಪೆಟ್ಟಿಗೆ ಎದುರಿಗಿತ್ತು. ಅವಳು ನಿದ್ದೆ ಹೋಗಿರಲಿಲ್ಲ, ಬಿದ್ದಲ್ಲೇ ಪ್ರಾರ್ಥಿಸುತ್ತಿದ್ದಳು. ನಿದ್ದೆ ಹೋದವಳು ನಾನು. ನೋಡಿ ಬರುತ್ತೇನೆಂದ ಸೊಸೆಯನ್ನು ತಡೆದವಳೂ ನಾನು. ಇಷ್ಟೇ. ಹಿಂದಿನಿಂದ ಯಾರೋ "ಅಯ್ಯೋ ದೇವರೇ" ಎಂದರು. ಪಾಸ್ಟರ್ ತಲೆ ಎತ್ತಲಿಲ್ಲ. ಅಧ್ಯಕ್ಷೆಯ ಸ್ಥಾನ ಬಿಟ್ಟಿದ್ದೇನೆ, ಅದನ್ನೂ ಅಲ್ಲೇ ಹೇಳಿ ಕೂತೆ.

ಹೊರಗೆ ಯಾರೂ ಮಾತಾಡಿಸಲಿಲ್ಲ. ಸರಿಯೇ.

ದಾರಿಯಲ್ಲಿ ಸೊಸೆ ಅಂದಳು, ಮೆಲ್ಲಗೆ — "ಬುಧವಾರಾನೇ ಹೇಳಿದ್ರೆ ಅವರೂ ಕೇಳಿಸ್ಕೊಳ್ತಿದ್ರು, ಅತ್ತೆ."

ಹೌದು. ಹೇಳಬಹುದಿತ್ತು. ಆಸ್ಪತ್ರೆಯಲ್ಲಿ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೊದಿಕೆ ಸರಿಮಾಡುತ್ತಿದ್ದೆ.