ಎರಡು ಪಾಳಿಯ ಮಂಚ

ತಂಗೀ,

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈಗೆ ಪೆನ್ನು ಹಿಡಿಸಿದ್ದೀಯ. ನೀನು ಬದುಕಿದ್ದಿದ್ದರೆ ಫೋನಿನಲ್ಲೇ ಬೈದು ಮುಗಿಸುತ್ತಿದ್ದೆ.

ನಿನ್ನ ಮಗಳು ಓದುತ್ತಿರುವ ದೇಶಕ್ಕೆ ಬಂದಿದ್ದೇನೆ. ನಿನ್ನೆ ಸಂಜೆ ಅವಳ ರೂಮಿನಲ್ಲಿ ಕೂತಿದ್ದಾಗ ನಮ್ಮ ಭಾಷೆಯದೇ ಹುಡುಗಿಯೊಬ್ಬಳು ಬಂದು ಸೀದಾ ಅವಳ ಮಂಚದ ಮೇಲೆ ಮಲಗಿಬಿಟ್ಟಳು. ನನಗೆ ಪಿತ್ತ ನೆತ್ತಿಗೇರಿತು.

"ಏಳಮ್ಮ ಮೇಲೆ. ನಿನಗೆ ಮಂಚ ಇಲ್ವಾ?"

"ಇದೇ ಅಂಕಲ್. ರಾತ್ರಿ ನಂದು, ಹಗಲು ಅವಳದು. ಬಾಡಿಗೆ ಅರ್ಧರ್ಧ."

ಗೋದಾಮಿನ ರಾತ್ರಿ ಪಾಳಿಗೆ ಹೊರಟಿದ್ದ ನಿನ್ನ ಮಗಳು ಬೂಟು ಹಾಕಿಕೊಳ್ಳುತ್ತಾ ನಕ್ಕಳು. "ಹಾಸಿಗೆ ತಣ್ಣಗಾಗೋದೇ ಇಲ್ಲ ಮಾವ, ಚಳಿಗೆ ಒಳ್ಳೇದು."

ಬೆಳಿಗ್ಗೆ ಬಂದು ಮಲಗುತ್ತಾಳಂತೆ, ಮಧ್ಯಾಹ್ನ ಎದ್ದು ಕಾಲೇಜಿಗೆ ಹೋಗುತ್ತಾಳಂತೆ. ಇಲ್ಲಿ ಹಗಲಿದ್ದಾಗ ನಾನು ಊರಿಂದ ಫೋನ್ ಮಾಡಿದಾಗೆಲ್ಲ ನಿದ್ದೆಗಣ್ಣಿನಲ್ಲೇ ಮಾತಾಡುತ್ತಿದ್ದಳು. ಆಗ ಸೋಮಾರಿ ಅಂತ ನಾನು ಬೈದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ವಾಪಸ್ ಬಾ ಅಂದರೆ, "ಓದು ಮುಗಿಸ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೀನಿ" ಅನ್ನುತ್ತಾಳೆ. ಮಾತು ತೆಗೆದುಕೊಂಡವಳು ನೀನು, ಬಿಡಿಸಬೇಕಾದವಳೂ ನೀನೇ. ಸೋಮವಾರ ನನ್ನ ವಿಮಾನ. ಅವಳನ್ನು ಕರೆದುಕೊಂಡು ಹೋಗಲೋ, ಬಿಟ್ಟು ಹೋಗಲೋ, ಭಾನುವಾರದೊಳಗೆ ಉತ್ತರ ಹೇಳು.