ಗಂಟಿನ ಬಾಟಲಿ ನಾನೇ ಒಯ್ದಿದ್ದೇನೆ

ನೋಡ್ರಿ, ತಂಗಿ ಸುವರ್ಣಾಳ ಜೊತೆ ಕಲಬುರಗಿಗೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಒಲೆಯ ಮೇಲಿದೆ. ಎಮ್ಮೆಗೆ ನೀರು ಕುಡಿಸಿ.

ಡಾಕ್ಟರು ನನ್ನ ಎದೆಯ ಗಂಟಿನ ಚೂರು ತೆಗೆದು, ಪರೀಕ್ಷೆಗೆ ಕೊಡಿ ಎಂದು ಬಾಟಲಿ ನಿಮ್ಮ ಕೈಗಿತ್ತರು. ನೀವು ಅದನ್ನು ಅಫಜಲಪುರದ ನಿಮ್ಮ ಗೆಳೆಯ ಕಲ್ಲಿನಾಥನ ಲ್ಯಾಬಿನಲ್ಲಿಟ್ಟು ಬಂದಿರಿ. "ಏ.ಸಿ. ಅದ, ಸೋಫಾ ಅದ, ಇನ್ನೇನ್ ಬೇಕ?" ಅಂದಿರಿ. ಮೊದಲೇ ಅಲ್ಲಿ ಕೊಟ್ಟಿದ್ದ ರಕ್ತದ ರಿಪೋರ್ಟು ತಂದು, "ಎಲ್ಲಾ ನಾರ್ಮಲ್ ಅದ" ಎಂದು ಓಣಿಗೆಲ್ಲ ಪೇಢೆ ಹಂಚಿದಿರಿ.

ನಿನ್ನೆ ನಾನೇ ಹೋಗಿ ಕೇಳಿದೆ. "ವೈನಿ, ನಮ್ಮಲ್ಲಿ ರಕ್ತ, ಮೂತ್ರ ಅಷ್ಟೇ ನೋಡ್ತೇವ್ರಿ. ಗಂಟಿನ ಚೂರು ನೋಡಾಂಗಿಲ್ಲ. ಅಣ್ಣಾರಿಗೆ ಹೇಳೀನಿ, ಕೇಳ್ಲೇ ಇಲ್ಲ," ಎಂದು ಕಲ್ಲಿನಾಥ ಬಾಟಲಿ ವಾಪಸ್ ಕೊಟ್ಟ.

ತೊಗರಿಯನ್ನು ಎಂದಾದರೂ ಹಿಟ್ಟಿನ ಗಿರಣಿಗೆ ಒಯ್ದಿದ್ದೀರಾ? ಯಾವ ದಾಲ್ ಮಿಲ್ಲಿನಲ್ಲಿ ಬೇಳೆ ಚೆನ್ನಾಗಿ ಒಡೆಯುತ್ತಾರೆಂದು ಮೂರು ತಾಲೂಕು ವಿಚಾರಿಸುತ್ತೀರಿ. ಲ್ಯಾಬುಗಳೂ ಹಾಗೆಯೇ. ಕೆಲವು ರಕ್ತ ಹಿಡಿದು ಬೇರೆಡೆ ಕಳಿಸುತ್ತವೆ, ತಾಲೂಕಿನವು ಸಣ್ಣಪುಟ್ಟದ್ದು ನೋಡುತ್ತವೆ, ಗಂಟು ಕ್ಯಾನ್ಸರೋ ಅಲ್ಲವೋ ಎಂದು ಹೇಳುವವರು ಕಲಬುರಗಿಯ ದೊಡ್ಡ ದವಾಖಾನೆಯಲ್ಲಿದ್ದಾರೆ. ಹೆಂಡತಿಯ ಎದೆಗಾಗಿ ಒಬ್ಬರನ್ನಾದರೂ ಕೇಳಲು ನಿಮಗೆ ಪುರುಸೊತ್ತಾಗಲಿಲ್ಲ.

ಫೋನು ಮಾಡಬೇಡಿ. ಹಿಂದೆ ಬರಲೂಬೇಡಿ, ಅಲ್ಲಿಯೂ ಸೋಫಾ ಹುಡುಕುತ್ತೀರಿ.

ಓಣಿಯವರು ಕೇಳಿದರೆ ಆರಾಮ ಇದ್ದಾಳೆ ಎನ್ನಬೇಡಿ. "ನನಗ ಗೊತ್ತಿಲ್ಲ" ಎನ್ನಿ. ಮದುವೆಯಾದಾಗಿನಿಂದ ನಿಮ್ಮ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ. ಇವತ್ತು ಅದೊಂದೇ ನಿಜ.