ಆರು ಸಾವಿರದ ಆಚೆ

ಫೆಬ್ರವರಿ 4, ಬೆಳಗ್ಗೆ

ಆನ್ ಆಯ್ತಾ... ಹಾಂ, ಫೋನಲ್ಲಿ ಕೆಂಪು ಚುಕ್ಕೆ ಬಂತು. ಕೈಯೆಲ್ಲ ಗ್ರೀಸು, ಮೂಗಿನ ತುದಿಯಿಂದ ಒತ್ತಿದ್ದು. ಬರೆಯೋ ಅಭ್ಯಾಸ ನನಗಿಲ್ಲ. ಮಾತಾಡೋದಕ್ಕೆ ಮಾತ್ರ ಯಾರೂ ಹೇಳಿಕೊಡಬೇಕಾಗಿಲ್ಲ.

ಗಾಡಿಯ ಗಾಳಿ ಕೊಳವೆ, ನಾವು ತುತ್ತೂರಿ ಅನ್ನೋದು, ನಾಲ್ಕೂ ಕೂತವು. ಕಾರ್ಬೊರೇಟರ್ ಮೇಲೆ ಬಾಯ್ಬಿಟ್ಕೊಂಡು ಆಕಾಶ ನೋಡ್ತಾ ನಿಂತಿವೆ, ಏನು ಹೊಳಪು ಅಂತೀನಿ! ಎಂಜಿನ್ನು ಉಸಿರೆಳೆಯೋದೇ ಇವುಗಳ ಬಾಯಿಂದ. ಮೊದಲಿದ್ದವು ಗಿಡ್ಡ, ಹೆಬ್ಬೆರಳಷ್ಟು. ಇವು ಉದ್ದ. ತಿರುವಿಂದ ಹೊರಗೆ ಬರುವಾಗ ಎಳೆತ ಜಾಸ್ತಿ ಸಿಗುತ್ತೆ. ಇದು ನನ್ನ ಐಡಿಯಾ, ನನ್ನ ಕೈಕೆಲಸ. ಯಾರ ಹಂಗೂ ಇಲ್ಲ.

ಬಾನೆಟ್ ಎತ್ತಿ ಕೋಲು ಕೊಟ್ಟು, ಸ್ಟಾರ್ಟ್ ಮಾಡಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ತುತ್ತೂರಿ ಬಾಯಿಗೆ. ನಾಲ್ಕೂ ಒಂದೇ ಶ್ರುತಿಗೆ ಬರೋವರೆಗೂ ಸ್ಕ್ರೂ ತಿರುಗಿಸೋದು. ನನ್ನ ಹೆಂಡತಿ ಕಾಫಿ ಹಿಡ್ಕೊಂಡು ಶೆಡ್ಡಿಗೆ ಬಂದ್ಲು.

"ಏನ್ರೀ, ಎದೆ ಪರೀಕ್ಷೆನಾ?"

"ಹೂಂ. ಉಸಿರು ಸರಿಯಾಗಿದೆ."

"ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದೋರಲ್ಲ..."

ಕಾಫಿ ಬಿಸಿಯಾಗಿತ್ತು. ಊದ್ಕೊಂಡು ಕುಡಿದೆ.

ಫೆಬ್ರವರಿ 6, ಮಧ್ಯಾಹ್ನ, ಅಂಗಡಿಯಲ್ಲಿ

ಗಿರಾಕಿ ಇಲ್ಲ. ಒಂದು ಕನ್ನಡಕದ ಗಾಜು ತೀಡ್ತಾ ಕೂತಿದ್ದೆ, ಅಕ್ಕ ಬಂದು ಹೋದ್ಲು. ರಿಟೈರ್ ಆದ ಲೆಕ್ಕದ ಟೀಚರ್. ನನಗೆ ಐವತ್ತು ವರ್ಷ ಆದ್ರೂ ಅವಳು ಒಳಗೆ ಬಂದ್ರೆ ನಾನು ಎದ್ದು ನಿಲ್ತೀನಿ, ಕಾಲು ತಾನಾಗೇ ಏಳುತ್ತೆ.

ಗಾಡಿ ಅವಳದ್ದೇ. ಎರಡು ಬಾಗಿಲಿನ ಪುಟಾಣಿ ಕಾರು, ಹಸಿರು ಬಣ್ಣ ಇದೆ ಅಂತ ಅವಳೇ ಗಿಣಿ ಅಂತ ಹೆಸರಿಟ್ಟಿದ್ಲು. ಹುಡುಗಿಯಾಗಿದ್ದಾಗ ಅದನ್ನ ತಗೊಂಡು ಗುಡ್ಡ ಹತ್ತಿಸೋ ಸ್ಪರ್ಧೆಗೆ ಹೋಗ್ತಿದ್ಲು. ರಸ್ತೆ ಬಂದ್ ಮಾಡಿ ಒಂದೊಂದೇ ಗಾಡಿ ಬಿಡ್ತಾರೆ, ಗಡಿಯಾರದ ಜೊತೆ ಪೈಪೋಟಿ. ಗಂಡಸರು ಹೆದರಿ ಆಕ್ಸಿಲರೇಟರಿಂದ ಕಾಲೆತ್ತೋ ಜಾಗದಲ್ಲಿ ಇವಳು ಇನ್ನೂ ತುಳೀತಿದ್ಲು. ಆಮೇಲೆ ಮಕ್ಕಳು, ಪೇಪರ್ ತಿದ್ದೋದು, ಮಂಡಿ ನೋವು... ಗಾಡಿ ಟಾರ್ಪಾಲ್ ಕೆಳಗೆ ಸೇರ್ತು. ಎಬ್ಬಿಸಿದೋನು ನಾನು.

ಬರೋ ತಿಂಗಳು ಅದೇ ಗುಡ್ಡದಲ್ಲಿ ಹಳೇ ಗಾಡಿಗಳ ಓಟ ಇದೆ. ಅವಳ ಹೆಸರು ಕೊಟ್ಟುಬಿಟ್ಟಿದೀನಿ.

"ನೋಡು, ಹಿಂದೆ ಹತ್ತಿಸ್ತಿದ್ದ ಹಾಗೆ ಹತ್ತಿಸೋಕಾದ್ರೆ ಹತ್ತಿಸ್ತೀನಿ" ಅಂದ್ಲು. "ಮುದುಕಿ ಕೈ ಬೀಸ್ಕೊಂಡು ಹೋಗೋ ಮೆರವಣಿಗೆ ಆಗೋದಾದ್ರೆ ಮಾರಿಬಿಡು ಅದನ್ನ. ಮತ್ತೆ ಅದರೊಳಗೆ ನಾನು ಕೂರಲ್ಲ."

"ಅಕ್ಕ, ಗಾಡಿ ಚಿಂತೆ ನನಗೆ ಬಿಡು."

"ನನ್ನ ಚಿಂತೆ ಗಾಡೀದಲ್ಲ ಕಣೋ."

ಅಷ್ಟೇ. ಚೀಲ ಹೆಗಲಿಗೇರಿಸ್ಕೊಂಡು ಹೊರಟ್ಲು. ಇರಲಿ. ಸೀಟಲ್ಲಿ ಕೂತ್ರೆ ಎಲ್ಲ ಸರಿಹೋಗುತ್ತೆ. ನನಗೆ ಗೊತ್ತು.

ಫೆಬ್ರವರಿ 9, ಸಂಜೆ

ಬಾನೆಟ್ ಪೇಂಟ್ ಮುಗೀತು. ಒಳಮೈಗೂ ಬಳಿಸಿದೀನಿ. ಪೇಂಟರ್ ಗೊಣಗಿದ — "ಕೆಳಗಡೆ ಯಾರ್ ನೋಡ್ತಾರೆ ಸಾರ್?" ನಾನ್ ನೋಡ್ತೀನಪ್ಪಾ. ಫ್ಯಾಕ್ಟರಿಯಿಂದ ಬಂದ ಅದೇ ತಗಡು. ತುಕ್ಕಿಲ್ಲ, ಮಡಿಕೆಯಿಲ್ಲ. ಎಷ್ಟೋ ಜನ ಇಂಥ ಬಾನೆಟ್ಟಿಗೆ ಕಿಂಡಿ ಕೊರೆದು ಹಾಳು ಮಾಡಿದಾರೆ. ನಾನು ಮಾತ್ರ ಇದಕ್ಕೊಂದು ಮೊಳೆ ತೂತೂ ಬೀಳೋಕೆ ಬಿಡಲ್ಲ.

ಫೆಬ್ರವರಿ 11

ಅಕ್ಕ ಓಡಿಸಿದ್ಲು... ಊರಾಚೆ ಗೋಡೌನ್ ಹಿಂದೆ ನೇರ ರಸ್ತೆ ಇದೆಯಲ್ಲ, ಅಲ್ಲಿ. ಪಕ್ಕದ ಸೀಟಲ್ಲಿ ನಾನು. ಬೆಲ್ಟ್ ಬಿಗಿದ್ಲು, ಸೀಟು ಮುಂದಕ್ಕೆಳೆದ್ಲು, ಹಳೇ ಮನೆಗೆ ಬಂದೋರ ಹಾಗೆ ಗೇರ್ ಕಡ್ಡಿ ಒಂದ್ಸಲ ಸವರಿದ್ಲು. ಹೊರಟಳು ನೋಡಿ! ಒಂದನೇ ಗೇರು, ಎರಡು... ನನ್ನ ಬೆನ್ನು ಸೀಟಿಗೆ ಅಂಟಿತು. ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸೋ ಮೀಟರ್ ಮುಳ್ಳು ಐದು ಸಾವಿರ, ಐದೂವರೆ, ಆರರ ಹತ್ರ — ಆಗ ಗಾಡಿ ಮುಗ್ಗರಿಸಿತು. ಯಾರೋ ಹಿಂದಿಂದ ಸೆರಗು ಹಿಡಿದೆಳೆದ ಹಾಗೆ.

ಇನ್ನೊಂದ್ಸಲ. ಅದೇ ಜಾಗ, ಅದೇ ಎಳೆತ. ಮೂರನೇ ಸಲವೂ.

ನಿಲ್ಲಿಸಿದ್ಲು. ಸ್ಟೀರಿಂಗ್ ಮೇಲೆ ಎರಡೂ ಕೈ.

"ನನ್ನ ಕಾಲು ಎದ್ದುಬಿಡ್ತು" ಅಂದ್ಲು.

"ಏನು?"

"ನನಗೆ ಗೊತ್ತಾಗದ ಹಾಗೆ ಎದ್ದುಬಿಡ್ತು. ತುಳೀತಿದೀನಿ ಅಂದ್ಕೊಂಡೇ ಇದೀನಿ. ಅದು ಹೆದರಿ ಹಿಂದೆ ಬಂದ್ಬಿಡ್ತಿದೆ."

ಗಾಡಿಯಲ್ಲೇ ಏನೋ ಇರಬೇಕು, ನೋಡ್ತೀನಿ ಅಂದೆ. ತಲೆಯಾಡಿಸಿದ್ಲು. ನಂಬಿದ ಹಾಗೆ ಕಾಣಲಿಲ್ಲ.

ಫೆಬ್ರವರಿ 12

ನಾನೇ ಓಡಿಸಿ ನೋಡಿದೆ. ಅದೇ ರಸ್ತೆ. ಬೆಣ್ಣೆ! ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ.

ಫೆಬ್ರವರಿ 15

ರೋಲರ್ ಅಂಗಡಿಗೆ ಹೋಗಿದ್ದೆ. ಗಾಡಿನ ನೆಲದ ಉರುಳೆ ಮೇಲೆ ನಿಲ್ಲಿಸಿ, ಬಾನೆಟ್ ಎತ್ತಿ, ಮುಂದೆ ದೊಡ್ಡ ಫ್ಯಾನ್ ಇಟ್ಟು, ನಿಂತಲ್ಲೇ ಓಡಿಸಿ ಎಳೆತ ಅಳೀತಾರೆ. ಆರು ಸಾವಿರ ಅಲ್ಲ, ಆರೂಮುಕ್ಕಾಲಿನವರೆಗೂ ಕಿರಿಚಿಸಿದ ಪುಣ್ಯಾತ್ಮ. ಎಲ್ಲೂ ತಡವರಿಸಲಿಲ್ಲ. "ಇಂಥ ಗಾಡಿ ನೋಡಿ ಎಷ್ಟು ದಿನ ಆಯ್ತು ಸಾರ್" ಅಂದ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಖುಷಿಯಲ್ಲಿ. "ಅಕ್ಕ, ಗಾಡಿಗೆ ಏನೂ ಆಗಿಲ್ಲ! ನಾನೂ ಓಡಿಸ್ದೆ, ಮಷಿನ್ನೂ ಹೇಳ್ತು, ಏನೇನೂ ಇಲ್ಲ!"



"ಸರಿ ಕಣೋ. ಹಾಗಾದ್ರೆ ಆಗಿರೋದು ನನಗೇ."

"ಅಯ್ಯೋ, ಹಾಗಲ್ಲ..."

"ಇದರಲ್ಲಿ ಅಳೋದೇನಿದೆ? ಉತ್ತರ ಬಂತಲ್ಲ. ನನ್ನ ಹೆಸರು ತೆಗೆಸು. ನೀನೇ ಹತ್ತಿಸು."

ಇಟ್ಟುಬಿಟ್ಲು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಬಟ್ಟೆ ಮಡಚ್ತಾ ಇದ್ಲು, ಅರ್ಧಕ್ಕೆ ನಿಲ್ಲಿಸಿದ್ಲು.

"ನಿಮ್ಮಕ್ಕನ ಕಾಲು ಹೆದರ್ತಂತಾ? ನಾನಂತೂ ನಂಬಲ್ಲ. ನಮ್ಮ ಮದುವೆಗೆ ನಿಮ್ಮಪ್ಪ ಬೇಡ ಅಂತ ಕೂತಿದ್ದಾಗ ಅವರ ಮುಂದೆ ಹೋಗಿ ನಿಂತದ್ದು ಆ ಕಾಲೇ. ನಿಮ್ಮದಲ್ಲ."

ಈ ಮಾತು ಬೇಕಿತ್ತಾ ಈಗ.

ಮಾರ್ಚ್ 1

ತುಂಬ ದಿನ ಆಯ್ತು, ಇದನ್ನ ಒತ್ತಿರಲೇ ಇಲ್ಲ. ಅಕ್ಕ ಅಂಗಡಿ ಕಡೆ ಬಂದಿಲ್ಲ. ಫೋನ್ ಮಾಡಿದ್ರೆ ಚೆನ್ನಾಗೇ ಮಾತಾಡ್ತಾಳೆ, ಹವಾ ಬಗ್ಗೆ, ಮಂಡಿ ಬಗ್ಗೆ, ಭಾವನ ಹಲ್ಲಿನ ಬಗ್ಗೆ. ಗಿಣಿ ಅಂದ ತಕ್ಷಣ "ಒಲೆ ಮೇಲೆ ಸಾರು ಇಟ್ಟಿದೀನಿ" ಅಂತ ಫೋನ್ ಇಟ್ಟುಬಿಡ್ತಾಳೆ.

ಹೆಸರು ಇನ್ನೂ ತೆಗೆಸಿಲ್ಲ. ನಾನೇ ಪ್ರಾಕ್ಟೀಸ್ ಮಾಡ್ತಿದೀನಿ... ಮಜಾ ಬರ್ತಿದೆ, ಸುಳ್ಳು ಯಾಕೆ. ಐದು ಸಾವಿರಕ್ಕೆ ಗೇರ್ ಬದಲಾಯಿಸ್ತೀನಿ, ಎಂಜಿನ್ನಿಗೆ ಯಾಕೆ ನೋವು ಕೊಡಬೇಕು. ನಯವಾಗಿ ಓಡಿಸ್ತೀನಿ ನಾನು.

ಮಾರ್ಚ್ 3, ಬೆಳಗ್ಗೆ

ಉಸಿರು... ತಡೀರಿ, ಉಸಿರು ಬರಲಿ. ಶೆಡ್ಡಿಂದ ಓಡಿ ಬಂದೆ.

ಪೇಂಟರ್ ಪಾಲಿಶ್ ಹಾಕೋಕೆ ಬಂದಿದ್ದ. ಬಾನೆಟ್ ಎತ್ತಿದವನೇ ಶುರು ಮಾಡಿದ. "ಏನ್ ಸಾರ್ ಇದು! ಒಳಗೂ ಬಳಿ ಬಳಿ ಅಂತ ಪ್ರಾಣ ತಿಂದ್ರಿ. ಈಗ ನೋಡಿ, ನನ್ನ ಬಣ್ಣದ ಮೇಲೆ ಲೋಟ ಇಟ್ಟೋರು ಯಾರು?"

"ಬಾನೆಟ್ ಒಳಗೆ ಲೋಟ ಯಾರಯ್ಯ ಇಡ್ತಾರೆ?"

"ನೋಡಿ ಹಾಗಾದ್ರೆ!"

ನೋಡಿದೆ. ಹಸಿರು ಬಣ್ಣದ ಮೇಲೆ ನಾಲ್ಕು ಮಂಕು ಉಂಗುರ. ಸಾಲಾಗಿ. ಬೆರಳಿಟ್ಟು ಮೂಸಿದೆ. ಪೆಟ್ರೋಲು.

ಬಾನೆಟ್ ಮೆಲ್ಲಗೆ ಇಳಿಸಿ, ಸಂದಿಯಲ್ಲಿ ಟಾರ್ಚ್ ಬಿಟ್ಟೆ. ನನ್ನ ಉದ್ದ ತುತ್ತೂರಿಗಳ ಬಾಯಿ, ಆಮೇಲೆ ಒಂದೇ ಒಂದು ಬೆರಳಷ್ಟು ಜಾಗ, ಆಮೇಲೆ ತಗಡು. ಬಾಯಿ ಮೇಲೆ ಕೈ ಇಟ್ಟ ಹಾಗೆ! ಮೆಲ್ಲಗೆ ಓಡಿಸೋವರೆಗೂ ಆ ಗಾಳಿ ಸಾಕು. ಜೋರಾಗಿ ಉಸಿರೆಳೆಯೋಕೆ ಹೋದ್ರೆ ಗಾಳಿ ಸಾಲದೆ, ಪೆಟ್ರೋಲು ಜಾಸ್ತಿಯಾಗಿ, ಉಸಿರು ಕಟ್ಟಿ ಮೇಲಕ್ಕೆ ಉಗುಳ್ತಿದೆ. ನಾನು ಶ್ರುತಿ ಮಾಡಿದ್ದು ಬಾನೆಟ್ ತೆಗೆದು. ರೋಲರ್‌ನೋನು ಅಳೆದಿದ್ದೂ ಬಾನೆಟ್ ತೆಗೆದು. ಮುಚ್ಚಿಕೊಂಡು ಓಡಿಸಿದೋನು ನಾನೊಬ್ಬ, ಐದು ಸಾವಿರಕ್ಕೇ ಗೇರ್ ಬದಲಾಯಿಸೋ ನಯವಂತ! ಆರು ಸಾವಿರದ ಬಾಗಿಲು ತಟ್ಟಿದ್ದು ಅಕ್ಕ ಮಾತ್ರ.

ಅವಳ ಕಾಲು ಎದ್ದಿರಲೇ ಇಲ್ಲ.

ಪೇಂಟರ್ ಇನ್ನೂ ಬೈತಾ ಇದಾನೆ. ಬೈಕೊಳ್ಳಲಿ. ಅಕ್ಕನ ಮನೆಗೆ ಹೊರಟೆ.

ಮಾರ್ಚ್ 3, ಮಧ್ಯಾಹ್ನ

ಅವಳ ಮನೆ ಗೇಟಿನ ಹೊರಗಿಂದ ಮಾತಾಡ್ತಿದೀನಿ. ಎಲ್ಲ ಹೇಳಿದೆ. ಲೋಟ, ಉಂಗುರ, ಬೆರಳಿನ ಸಂದಿ. ಸೊಪ್ಪು ಬಿಡಿಸ್ತಾ ಕೇಳಿದ್ಲು. ಒಂದ್ಸಲವೂ ತಲೆ ಎತ್ತಲಿಲ್ಲ.

"ಸಮಾಧಾನ ಮಾಡೋಕೆ ಬಂದಿದೀಯ."

"ಇಲ್ಲ ಅಕ್ಕ, ನಿಜವಾಗ್ಲೂ..."

"ನೀನು ಚಿಕ್ಕೋನಿದ್ದಾಗ ಚದುರಂಗದಲ್ಲಿ ನಾನು ಬೇಕಂತ ಸೋಲ್ತಿದ್ದೆ, ನೀನು ಅಳಬಾರದು ಅಂತ. ಈಗ ನಿನ್ನ ಸರದಿ. ಮೊದಲು ಗಾಡಿಗೆ ಏನೂ ಇಲ್ಲ ಅಂದೆ. ಹದಿನೈದು ದಿನ ಆದಮೇಲೆ ಇದೆ ಅಂತೀಯ. ಈಗ ಏನೋ ತಿರುಗಿಸಿ ಮೆತ್ತಗೆ ಮಾಡ್ಕೊಂಡು ಬಂದು, ನೋಡಕ್ಕ ನಿನಗೆ ಬರುತ್ತೆ ಅಂತೀಯ."

"ಏನೂ ಮುಟ್ಟಿಲ್ಲ! ಆ ತುತ್ತೂರಿ ಹಾಗೇ ಇದೆ!"

ಆಗ ತಲೆ ಎತ್ತಿದ್ಲು. ಟೀಚರ್ ಮುಖ. "ಹಾಗೇ ಇದೆಯಾ? ಮುಟ್ಟಬೇಡ. ನಾಡಿದ್ದು ತಗೊಂಬಾ. ಎರಡು ಸಲ ಓಡಿಸ್ತೀನಿ. ಬಾನೆಟ್ ಹಾಕಿ ಒಂದ್ಸಲ, ಕಳಚಿ ಒಂದ್ಸಲ. ಬೇರೆ ಒಂದು ಸ್ಕ್ರೂನೂ ಬದಲಾಗಬಾರದು."

ಬೈಸಿಕೊಂಡು ಇಷ್ಟು ಖುಷಿಯಾಗಿದ್ದು ಇದೇ ಮೊದಲು.

ಮಾರ್ಚ್ 5

ಗೋಡೌನ್ ರಸ್ತೆ. ಹೊರಡೋಕೆ ಮುಂಚೆ ಹೇಳಿದ್ಲು, "ನೀನು ರಸ್ತೆ ನೋಡಬೇಡ. ಬಗ್ಗಿ ನನ್ನ ಬಲಗಾಲು ನೋಡ್ತಿರು. ಎದ್ರೆ ಎದ್ದಿತು ಅನ್ನು. ಕರುಣೆ ತೋರಿಸಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ."

ಬಗ್ಗಿದೆ. ಹಳೇ ಕ್ಯಾನ್ವಾಸ್ ಶೂ, ಕಿರುಬೆರಳ ಹತ್ರ ಹರಿದಿದೆ. ಎಂಜಿನ್ನು ಏರ್ತಾ ಹೋಯ್ತು. ಶೂ ಪೆಡಲನ್ನ ನೆಲಕ್ಕೆ ಒತ್ತಿ ಹಿಡಿದಿದೆ. ಮುಗ್ಗರಿಸಿತು ಗಾಡಿ — ನನ್ನ ತಲೆ ಡ್ಯಾಶ್‌ಬೋರ್ಡಿಗೆ ಬಡೀತು — ಶೂ ಅಲ್ಲಾಡಲಿಲ್ಲ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

"ಎದ್ದಿಲ್ಲ!" ಅಂತ ಕೂಗಿದೆ, ಕೆಳಗಿಂದಲೇ.

"ಕಿರಿಚಬೇಡ, ಕೇಳಿಸುತ್ತೆ."

ಬಾನೆಟ್ ಕಳಚಿ ಹುಲ್ಲಿನ ಮೇಲೆ ಮಲಗಿಸಿದ್ವಿ. ಎರಡನೇ ಸಲ. ಐದು, ಐದೂವರೆ, ಆರು... ಆರು ದಾಟ್ತು! ಆ ಸದ್ದು ಹೇಗೆ ಹೇಳಲಿ? ನಾಲ್ಕು ಬಾಯಿ ಒಟ್ಟಿಗೆ ತೆರೆದ ಹಾಗೆ. ಅಕ್ಕ ರಸ್ತೆ ಮುಗಿಯೋವರೆಗೂ ಹೋಗಿ, ತಿರುಗಿಸಿ, ವಾಪಸ್ ಬಂದು, ಆಫ್ ಮಾಡಿ, ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ಕೊಂಡ್ಲು. ತುಂಬ ಹೊತ್ತು ಒರೆಸಿದ್ಲು.

"ನನ್ನ ಕಾಲಿಗೆ ಎಷ್ಟು ದಿನ ಅವಮಾನ ಮಾಡಿದೆಯೋ ನೀನು."

"ತಪ್ಪಾಯ್ತು ಅಕ್ಕ. ನಾಳೇನೇ ಗಿಡ್ಡ ತುತ್ತೂರಿ ಹಾಕಿಬಿಡ್ತೀನಿ. ನಿನ್ನ ಕಾಲದಲ್ಲಿ ಇದ್ದವೇ."

"ಯಾಕೆ? ಬೇಡ. ತಿರುವಿಂದ ಹೊರಗೆ ಬರುವಾಗ ಎಳೆಯುತ್ತಲ್ಲ, ಅದು ಚೆನ್ನಾಗಿದೆ. ಆಗ ಇದು ಇರಲಿಲ್ಲ. ಉದ್ದದ್ದೇ ಇರಲಿ. ಬಾನೆಟ್ ಕೊರಿ."

ಹುಲ್ಲಿನ ಮೇಲೆ ಮಲಗಿದ್ದ ಬಾನೆಟ್ ಕಡೆ ತಿರುಗಿದೆ. "ಅಕ್ಕ... ಅದು ಫ್ಯಾಕ್ಟರಿ ತಗಡು."

"ಫ್ಯಾಕ್ಟರಿಯೋರು ಕೇಳೋಕೆ ಬರ್ತಾರಾ?"

"ಒಂದು ಗೀರೂ ಇಲ್ಲ ಅದರ ಮೇಲೆ!"

"ಗಾಡಿ ಓಡೋಕೋ, ಮುಖ ನೋಡ್ಕೊಳ್ಳೋಕೋ?"

ಮಾರ್ಚ್ 8

ಕೊರೆದಾಯ್ತು.

ಅಕ್ಕ ಬಂದು ಸೀಮೆಸುಣ್ಣದಲ್ಲಿ ಚೌಕ ಎಳೆದುಕೊಟ್ಲು. ಮೂಲೆಗಳು ಗುಂಡಗಿರಬೇಕು, ಇಲ್ಲಾಂದ್ರೆ ಸೀಳುತ್ತೆ ಅಂತ ನಾನು ಹೇಳಿದೆ, ಅಷ್ಟಾದರೂ ನನ್ನ ಮಾತು ನಡೀತು. ಪೇಂಟರ್ ಮುಖ ನೋಡೋಕಾಗ್ತಿರಲಿಲ್ಲ. "ಉಂಗುರ ಬಿದ್ದಿದೆ ಅಂದಿದ್ದು ತಪ್ಪಾಯ್ತು ಸಾರ್. ಬಿಟ್ಟಿದ್ರೆ ಉಂಗುರಾನಾದ್ರೂ ಇರ್ತಿತ್ತು" ಅಂದ. ಕಟರ್ ನಾನೇ ಹಿಡಿದೆ. ಬೇರೆಯೋರ ಕೈಗೆ ಕೊಡೋಕಾಗಲ್ಲ. ಕಿಡಿ ಹಾರಿದಾಗ ಕಣ್ಣು ಮುಚ್ಚಬೇಕು ಅನ್ನಿಸ್ತು, ಮುಚ್ಚಲಿಲ್ಲ. ನೇರ ಕೊರೆದೆ. ಸೀಮೆಸುಣ್ಣದ ಗೆರೆ ಒಂದು ಕೂದಲೂ ದಾಟಿಲ್ಲ.

ಈಗ ಬಾನೆಟ್ ಇಳಿಸಿದ್ರೆ ನಾಲ್ಕು ತುತ್ತೂರಿ ಕಿಂಡಿಯಿಂದ ಹಣಕಿ ನೋಡ್ತವೆ. ಸತ್ಯ ಹೇಳಲಾ? ಚೆನ್ನಾಗಿದೆ. ಹಾಳಾಗಿ ಹೋಗಲಿ, ಮೊದಲಿಗಿಂತ ಚೆನ್ನಾಗಿದೆ.

ಮಾರ್ಚ್ 22, ಬೆಳಗ್ಗೆ, ಗುಡ್ಡದಲ್ಲಿ

ಗಾಳಿ ಸದ್ದು ಬರ್ತಿರಬಹುದು, ಫೋನ್ ಕೋಟಿನೊಳಗೆ ಹಿಡ್ಕೊಂಡಿದೀನಿ. ಮೇಲಿನಿಂದ ಎರಡನೇ ತಿರುವು. ಟೈರ್ ಗೋಡೆ ಹಿಂದೆ ನಾನು, ನನ್ನ ಹೆಂಡತಿ. ಇಲ್ಲಿಗೆ ಬರೋ ನೇರದಲ್ಲೇ ಎಲ್ಲರೂ ಕಾಲೆತ್ತೋದು. ಬೆಳಗ್ಗೆಯಿಂದ ಒಂಬತ್ತು ಗಾಡಿ ಹೋದವು, ಒಂಬತ್ತೂ ಎತ್ತಿದವು, ಕಿವೀಲೇ ಗೊತ್ತಾಗುತ್ತೆ. ಎತ್ತೋದೇ ಸರಿ. ನಾನಾಗಿದ್ರೂ ಎತ್ತುತ್ತಿದ್ದೆ.

ಓಟ ಶುರುವಾಗೋಕೆ ಮುಂಚೆ, ಹೊರಡೋ ಗೆರೆ ಹತ್ರ ಅವಳಿಗೆ ಏನೋ ಹೇಳಬೇಕು ಅಂತ ಹೋಗಿದ್ದೆ. "ಹುಷಾರಕ್ಕ" ಅಂದೆ. "ಅತ್ಲಾಗ್ ಹೋಗೋ, ಕನ್ನಡಿ ಅಡ್ಡ ನಿಂತಿದೀಯ" ಅಂದ್ಲು.

"ರೀ, ಬಾವುಟ ಬೀಸಿದ್ರು ಕೆಳಗೆ."

ಬಿಟ್ರು. ಬಿಟ್ರು. ಕೇಳಿಸ್ತಿದೆ... ಕೆಳಗೆ, ಮರಗಳ ಹಿಂದೆ. ಎರಡನೇ ಗೇರ್. ತಿರುವು. ಆಹಾ, ಎಳೆತ ನೋಡು, ಹೊರಗೆ ಬರುವಾಗ! ಇನ್ನೊಂದು ತಿರುವು. ಮೂರನೇ ಗೇರ್. ಈಗ ನೇರಕ್ಕೆ ಬಂದ್ಲು. ಕಾಣ್ತಿಲ್ಲ ಇನ್ನೂ, ಸದ್ದು ಮಾತ್ರ. ಐದು ಸಾವಿರ ಇರಬೇಕು... ಐದೂವರೆ... ಇಲ್ಲೇ. ಇಲ್ಲೇ ಎತ್ತೋದು. ಈಗ —

ಎತ್ತಲಿಲ್ಲ.

"ಏನಾಯ್ತು ರೀ?"

ಎತ್ತಲಿಲ್ಲ ಕಣೇ! ಇನ್ನೂ ತುಳೀತಿದಾಳೆ, ಕೇಳು, ಕೇಳು ಅದನ್ನ, ಆರು ದಾಟ್ತು, ಹಸಿರು ಕಾಣಿಸ್ತು, ಹಿಂದಕ್ಕೆ ಬಾರೇ, ಹಿಂದಕ್ಕೆ... ತಿರುವು ತಗೊಂಡ್ಲು! ಅಕ್ಕಾ, ತುಳಿ, ತು—